ಕೆಳಗಿನ ಶೆಲ್ಫಿನ ಸೀರೆ

11 ಆಗಸ್ಟ್ 2024, ಭಾನುವಾರ

ಈ ಡೈರಿ ಔಷಧಿ ಕಂಪನಿಯೊಂದು ನಮ್ಮ ಲ್ಯಾಬಿಗೆ ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಸಕ್ಕರೆ ಕಾಯಿಲೆಯ ಮಾತ್ರೆಯ ಹೆಸರಿದೆ. ಏಳು ತಿಂಗಳಿಂದ ಖಾಲಿ ಬಿದ್ದಿತ್ತು. ಜೆ.ಪಿ. ನಗರದ ಆ ಲ್ಯಾಬಿನಲ್ಲಿ ಆರು ವರ್ಷ ಕಂಡವರ ರಕ್ತ ತೆಗೆದೆ. ರಕ್ತ ಕೊಡಲು ಬಂದು ಸೂಜಿ ನೋಡಿ ಕಣ್ಣು ಮುಚ್ಚಿಕೊಂಡ ಶಿವರಾಜನನ್ನೇ ಮದುವೆಯಾದೆ. ಈಗ ಐದನೇ ತಿಂಗಳು ಎಂದು ಕೆಲಸ ಬಿಡಿಸಿ ಜಯನಗರದ ಈ ದೊಡ್ಡ ಮನೆಯಲ್ಲಿ ಕೂರಿಸಿದ್ದಾರೆ. ಯಾರ ಮುಂದೆಯೂ ಆಡಲಾಗದ ಮಾತು ಬೇಕಾದಷ್ಟಿದೆ. ಇನ್ನು ಮೇಲೆ ಇಲ್ಲೇ ಉಗಿಯುವುದು.

ಇವತ್ತು ಅವ್ವ ಬಂದಿದ್ದಳು. ಹುಳಿಮಾವಿನಿಂದ ಎರಡು ಬಸ್ಸು, ದಾರಿಯುದ್ದ ಮೆಟ್ರೋ ಕೆಲಸದ ಧೂಳು. ಬಸುರಿ ಮಗಳಿಗೆ ಬಯಕೆ ಎಂದು ಡಬ್ಬಿ ತುಂಬ ಕಾಯಿಹೋಳಿಗೆ ಮಾಡಿ ತಂದಿದ್ದಳು. ನಮ್ಮ ಅತ್ತೆ, ಅಂದರೆ ಕಮಲಾದೇವಿ ಮೇಡಂ, ಬಾಗಿಲಲ್ಲೇ ನಕ್ಕರು. "ಬನ್ನಿ ಬನ್ನಿ, ಇಲ್ಲೇ ಕೂತ್ಕೊಳ್ಳಿ, ಗಾಳಿ ಚೆನ್ನಾಗಿದೆ" ಎಂದು ವರಾಂಡದ ಪ್ಲಾಸ್ಟಿಕ್ ಕುರ್ಚಿ ತೋರಿಸಿದರು. ನಮಗೆಲ್ಲ ಪಿಂಗಾಣಿ ಕಪ್ಪು, ಅವ್ವನಿಗೆ ಪೇಪರ್ ಕಪ್ಪು. ಅವ್ವ ಆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, "ಕಾಫಿ ಸಂದಾಗದೆ ತಾಯಿ" ಅಂದಳು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು.

ಅವ್ವ ಹೋದ ಮೇಲೆ ಡಬ್ಬಿ ಹಾಗೇ ಕೆಲಸದ ಅನ್ನಪೂರ್ಣಳ ಚೀಲ ಸೇರಿತು. "ಯಾವ ಎಣ್ಣೇನೋ ಏನೋ, ರಿಸ್ಕ್ ಯಾಕಮ್ಮಾ? ನಮ್ಮ ಕಡೆ ಹಾಗೆಲ್ಲ ಹೊರಗಿನದು ತಿನ್ನಲ್ಲ" ಎಂದರು ಮೇಡಂ. ಹೊರಗಿನದಂತೆ! ನಾನು ಅನ್ನಪೂರ್ಣಳ ಚೀಲದಿಂದಲೇ ಎರಡು ಹೋಳಿಗೆ ಕದ್ದು ಬಚ್ಚಲಲ್ಲಿ ನಿಂತು ತಿಂದೆ.

ಮೇಡಂಗೆ ನೋವಿರುವುದು ಹೋಳಿಗೆಯ ಎಣ್ಣೆಯಲ್ಲಿ ಅಲ್ಲ, ಅವ್ವನ ಕೆಲಸದಲ್ಲಿ. ಅಪ್ಪ ನಮ್ಮನ್ನು ಬಿಟ್ಟು ಹೋದಾಗಿನಿಂದ, ಇಪ್ಪತ್ತೆರಡು ವರ್ಷ, ಅವ್ವ ಇದೇ ಜಯನಗರ, ಬನಶಂಕರಿಯ ಮನೆಗಳಲ್ಲಿ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕುತ್ತಾಳೆ. ಬಸವಲಿಂಗಮ್ಮ ಎಂಬ ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಬಸಮ್ಮ. ಮೂರು ತಿಂಗಳಾಗಿ ಒಂದು ಮನೆ ಮುಗಿದರೆ ಕೊನೆಯ ದಿನ ಒಂದೇ ಮಾತು ಹೇಳುತ್ತಾಳೆ: "ಬರ್ತೀನಮ್ಮಾ. ತಾಯಿ ಮಗು ತಣ್ಣಗಿರಿ. ಇನ್ನೊಂದಾದಾಗ ಹೇಳಿ ಕಳ್ಸಿ." ಆಮೇಲೆ ತಿರುಗಿ ನೋಡುವುದಿಲ್ಲ. ನೋಡಿದರೆ ಮಗುವಿನ ಮೇಲೆ ಆಸೆ ಉಳಿಯುತ್ತಂತೆ. ಚಿಕ್ಕವಳಿದ್ದಾಗ ನಾನು ಬೊಂಬೆಗೆ ನೀರು ಹಾಕಿ ಅವಳ ಹಾಗೇ ಹೇಳಿ, ತಿರುಗಿ ನೋಡದೆ ಹೋಗುವ ಆಟ ಆಡುತ್ತಿದ್ದೆ.

ಇಲ್ಲಿ ನೆರೆಹೊರೆಗೆಲ್ಲ ಹೇಳಿರುವುದೇ ಬೇರೆ. ಅಂಜನಾಳ ತಾಯಿ ಗುಬ್ಬಿಯಲ್ಲಿ ತೆಂಗಿನ ತೋಟ ನೋಡಿಕೊಳ್ಳುತ್ತಾರಂತೆ. ಮದುವೆ ಮಠದಲ್ಲಿ ಮೂವತ್ತು ಜನರ ಮುಂದೆ ಮುಗಿದದ್ದರಿಂದ ಈ ಬೀದಿಯವರು ಯಾರೂ ಅವ್ವನನ್ನು ನೋಡಿಲ್ಲ. ತೋಟವಂತೆ ತೋಟ! ನಮಗಿರುವುದು ಒಂದು ಕುಂಡದಲ್ಲಿ ದೊಡ್ಡಪತ್ರೆ.

5 ಸೆಪ್ಟೆಂಬರ್, ಗುರುವಾರ

ನಾಳೆ ಗೌರಿ ಹಬ್ಬ. ಅನ್ನಪೂರ್ಣಳಿಗೆ ಸೀರೆ ಕೊಡಲು ಮೇಡಂ ಬೀರು ತೆಗೆದರು. ನನ್ನನ್ನೂ ಕರೆದು ಪಾಠ ಮಾಡಿದರು.

"ನೋಡಮ್ಮಾ, ಮುಂದೆ ಇದೆಲ್ಲ ನೀನೇ ನೋಡ್ಕೋಬೇಕಲ್ಲ. ಮೇಲಿನ ಶೆಲ್ಫಲ್ಲಿರೋದು ನೆಂಟ್ರಿಗೆ, ಬೀಗ್ರಿಗೆ. ಕೆಳಗಿನ ಶೆಲ್ಫು ಕೆಲ್ಸದೋರಿಗೆ. ಚಿಕ್ಕಪೇಟೇಲಿ ಒಂದೇ ಡಿಸೈನು ಡಜನ್ ತಂದ್ಬಿಡ್ತೀನಿ, ಬೇರೆ ಬೇರೆ ಕಲರ್. ನೀರಲ್ಲಿ ನೆನೆದ್ರೂ ಬಣ್ಣ ಬಿಡಲ್ಲ."

ಮೇಲಿನ ಶೆಲ್ಫಿನಲ್ಲಿ ರೇಷ್ಮೆ, ಬಿಳಿ ಬಟ್ಟೆ ಸುತ್ತಿ ಇಟ್ಟದ್ದು. ಕೆಳಗೆ ಮರೂನ್, ಹಸಿರು, ಬದನೆಕಾಯಿ ಬಣ್ಣ, ಸಾಸಿವೆ ಬಣ್ಣ. ಎಲ್ಲಕ್ಕೂ ಒಂದೇ ಮಾವಿನಕಾಯಿ ಅಂಚು. ನೀಲಿ ಮಾತ್ರ ಇರಲಿಲ್ಲ.

ನೀಲಿ ಎಲ್ಲಿದೆ ಎಂದು ನನಗೆ ಗೊತ್ತು. ಮದುವೆಯಲ್ಲಿ ಬೀಗರ ಸೀರೆ ಎಂದು ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟು ಅವ್ವನಿಗೆ ಕೊಟ್ಟದ್ದು ಅದೇ ಅಂಚಿನ ನೀಲಿ ಸೀರೆ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡಿದ್ದಳು. "ಸೆರಗಿಗೆ ಕುಚ್ಚು ಹಾಕ್ಕೊಡು ಮಗಾ, ಬೀಗ್ರು ಕೊಟ್ಟಿರೋ ಸೀರೆ" ಅಂದಳು. ಎರಡು ಸಂಜೆ ಕೂತು ಹಳದಿ ದಾರದ ಕುಚ್ಚು ಕಟ್ಟಿದೆ, ನಡುನಡುವೆ ಬಿಳಿ ಮಣಿ. ಹುಳಿಮಾವಿನ ನಮ್ಮ ಬೀದಿಯಲ್ಲಿ ಆ ಸೀರೆ ನೋಡದವರಿಲ್ಲ. ಟ್ರಂಕಿನಲ್ಲಿ ಲವಂಗ ಹಾಕಿ ಇಟ್ಟಿದ್ದಾಳೆ.

ಮೈಯೆಲ್ಲ ಉರಿದುಹೋಯಿತು. ಇವರ ಹಾಲಿನ ಗೋಡೆಯ ಮೇಲೆ ಕಾಯಕದ ಬಗ್ಗೆ ಚಿನ್ನದ ಬಣ್ಣದಲ್ಲಿ ಬರೆಸಿದ ಬೋರ್ಡಿದೆ. ಮಾವ ಗುರುಶಾಂತಪ್ಪನವರು, ರಿಟೈರ್ ಆದ ಇಂಜಿನಿಯರ್ರು, ಬಂದವರಿಗೆಲ್ಲ ಅದನ್ನು ಓದಿ ಹೇಳುತ್ತಾರೆ. ಜಾತಿ ಒಂದೇ, ಹಣೆಯ ವಿಭೂತಿ ಒಂದೇ, ಕತ್ತಿನ ಲಿಂಗ ಒಂದೇ. ಶೆಲ್ಫು ಮಾತ್ರ ಎರಡು.

ಸಂಜೆ ಶಿವು ಬಂದ ಮೇಲೆ ಹೇಳಿದೆ. "ಅಯ್ಯೋ, ಅಮ್ಮ ಅಷ್ಟೆಲ್ಲ ಯೋಚ್ನೆ ಮಾಡಿರಲ್ಲ ಕಣೆ. ಸೀರೆ ಅಂದ್ರೆ ಸೀರೆ" ಅಂದ. ಅವ್ವನಿಗಂತೂ ಹೇಳುವ ಹಾಗಿಲ್ಲ. ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಈ ಬೀರುವಿನ ಕೀಲಿ ನನ್ನ ಕೈಗೆ ಬಂದ ದಿನ ಆ ಕೆಳಗಿನ ಶೆಲ್ಫೇ ಇರುವುದಿಲ್ಲ. ಬರೆದಿಟ್ಟಿದ್ದೇನೆ.

29 ಸೆಪ್ಟೆಂಬರ್, ಭಾನುವಾರ

ಮೊದಲ ಬಾಣಂತನ ತವರಿನಲ್ಲಿ ಎಂಬುದು ಇಡೀ ಲೋಕಕ್ಕೆ ಗೊತ್ತಿರುವ ಪದ್ಧತಿ. ಇವತ್ತು ಊಟದ ಹೊತ್ತಿನಲ್ಲಿ ತೀರ್ಪು ಬಂತು: ಬಾಣಂತನ ಇಲ್ಲೇ. "ಆ ಶೀಟಿನ ಮನೇಲಿ ಮಗು ಇಟ್ಕೊಳ್ಳೋದು ಹೇಗಮ್ಮಾ? ಕೆರೆ ಸೊಳ್ಳೆ ಬೇರೆ. ಪಾಪ, ನಿಮ್ಮ ತಾಯಿಗೂ ತೊಂದ್ರೆ."

"ನಮ್ಮವ್ವ ಇನ್ನೂರು ಮಕ್ಕಳಿಗೆ ನೀರು ಹಾಕಿದ್ದಾಳೆ ಅತ್ತೆ. ನನ್ನ ಮಗು ತೊಂದ್ರೆ ಆಗತ್ತಾ?" ಅಂದೆ.

"ಅವ್ವ ಗಿವ್ವ ಅನ್ಬೇಡಮ್ಮಾ, ಅಮ್ಮ ಅನ್ನು. ಹುಟ್ಟೋ ಮಗೂಗೂ ಅದೇ ಬಾಯಿಗೆ ಬರತ್ತೆ" ಎಂದರು ಮೇಡಂ, ಮೊಸರು ಬಡಿಸುತ್ತ. ಶಿವು ಆಮೇಲೆ ಕೈ ಹಿಡಿದು, ಅಮ್ಮಂಗೆ ಬಿಪಿ ಇದೆ, ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ ಅಂದ. ನನಗೂ ಬಿಪಿ ಬರಲಿ ಎಂದು ಕಾಯುತ್ತಿದ್ದಾನೋ ಏನೋ.

21 ಅಕ್ಟೋಬರ್, ಸೋಮವಾರ

ನಿನ್ನೆ ಸೀಮಂತ. ನಿನ್ನೆಯೇ ಬರೆಯಲು ಕೈ ಬರಲಿಲ್ಲ.

ಬೆಳಿಗ್ಗೆ ಎದ್ದವಳೇ ಅನ್ನಪೂರ್ಣಳಿಗೆ ನನ್ನದೊಂದು ಸೀರೆ ಕೊಟ್ಟು, ಹಬ್ಬಕ್ಕೆ ಕೊಟ್ಟ ಆ ಮರೂನ್ ಇವತ್ತು ಉಡಬೇಡ ಮಾರಾಯ್ತಿ ಎಂದು ಬೇಡಿಕೊಂಡಿದ್ದೆ. ಅವ್ವ ನೀಲಿ ಉಟ್ಟು ಬಂದೇ ಬರುತ್ತಾಳೆಂದು ಗೊತ್ತಿತ್ತು. ಬಂದಳು. ತಲೆ ತುಂಬ ಮಲ್ಲಿಗೆ, ಸೆರಗಿನಲ್ಲಿ ನನ್ನ ಹಳದಿ ಕುಚ್ಚು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ತವರಿನ ಹಸಿರು ಬಳೆ, ಹಸಿರು ಸೀರೆ, ಮಡಿಲಕ್ಕಿ. ಇವತ್ತಾದರೂ ಅವ್ವ ತಾಯಿಯಾಗಿ ನನ್ನ ಪಕ್ಕ ಕೂರುತ್ತಾಳೆ ಎಂದು ನನಗೆ ಖುಷಿಯೋ ಖುಷಿ. ಗುಬ್ಬಿ ತೋಟದ ಸುಳ್ಳು ಹೇಳಿಕೊಳ್ಳಲಿ, ಪಕ್ಕದಲ್ಲಿ ಕೂತರೆ ಸಾಕು.

ಹಾಲಿಗೆ ಕಾಲಿಟ್ಟಳೋ ಇಲ್ಲವೋ, ಎದುರು ಮನೆಯ ವಾರಿಜಾ ಆಂಟಿ ಎದ್ದೇ ಬಂದರು. "ಅಯ್ಯೋ, ಬಸಮ್ಮ! ನೀನೇನೇ? ನಮ್ಮ ಸಮನ್ವಿತಾಗೆ ನೀರು ಹಾಕಿ ಹದಿನೆಂಟು ವರ್ಷ ಆಯ್ತಲ್ಲೇ! ಈ ಮನೆ ಬಾಣಂತನಾನೂ ನೀನೇ ಒಪ್ಕೊಂಡ್ಯಾ?" ಆಕೆಯ ಮುಖದಲ್ಲಿ ನಿಜವಾದ ಪ್ರೀತಿಯೇ ಇತ್ತು. ಸುತ್ತ ಇಪ್ಪತ್ತು ಹೆಂಗಸರು.

ಅವ್ವ ನನ್ನ ಮುಖ ನೋಡಿದಳು. ಅತ್ತೆಯ ಮುಖ ನೋಡಿದಳು. ಅತ್ತೆಯ ಮುಖ ಬಿಳಿಚಿಕೊಂಡಿತ್ತು. "ಹೂನಮ್ಮಾ. ಹೇಳವ್ರೆ" ಅಂದುಬಿಟ್ಟಳು ಅವ್ವ.

ಯಾರೂ ಕೇಳದೆ, ಯಾರೂ ಹೇಳಿಕೊಡದೆ, ತಾನಾಗಿಯೇ ಅಂದಳು. ಅತ್ತೆ ಉಸಿರು ಬಿಟ್ಟು, "ಹೌದು ವಾರಿಜಾ, ಅಂಜನಾ ತಾಯಿಗೆ ಹುಷಾರಿಲ್ಲ, ಪಾಪ, ಊರಿಂದ ಬರೋಕಾಗ್ಲಿಲ್ಲ. ತಟ್ಟೆ ಕಳ್ಸಿದ್ದಾರೆ" ಎಂದರು. ಅವ್ವನ ಕೈಯಿಂದ ತಟ್ಟೆ ಇಸಿದುಕೊಂಡರು. "ತಾಯಿ ಸ್ಥಾನದಲ್ಲಿ ನೀವೇ ಬಳೆ ತೊಡಿಸಿಬಿಡಿ."

ನಮ್ಮವ್ವ ತಂದ ಬಳೆಯನ್ನು ವಾರಿಜಾ ಆಂಟಿ ನನಗೆ ತೊಡಿಸಿದರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಅನ್ನಪೂರ್ಣಳ ಪಕ್ಕ ನಿಂತು ನೋಡಿದಳು. ನಾನು ಬಾಯಿ ತೆರೆಯಬೇಕಿತ್ತು. "ಇವಳು ನಮ್ಮವ್ವ" ಎಂಬ ಎರಡೇ ಮಾತು. ಅದನ್ನು ಬಿಟ್ಟು ಬಳೆಗೆ ಇನ್ನೊಂದು ಕೈಯನ್ನೂ ಚಾಚಿದೆ. ಥೂ ನನ್ನ ಜನ್ಮಕ್ಕಿಷ್ಟು.

24 ಅಕ್ಟೋಬರ್, ಗುರುವಾರ

ಮೂರು ದಿನ ಫೋನ್ ಮಾಡಲು ಧೈರ್ಯವಿರಲಿಲ್ಲ. ಇವತ್ತು ಮಾಡಿದೆ. ನಾನು ಅಳುತ್ತಿದ್ದರೆ ಅವ್ವ ನಗುತ್ತಾಳೆ.

"ಹೋಗ್ಲಿ ಬುಡು ಮಗಾ. ನಾನು ಬೀಗಿತ್ತಿ ಅಂತ ಬಂದ್ರೆ ತಿಂಗ್ಳಿಗೊಂದ್ಸಲ ವರಾಂಡದಲ್ಲಿ ಕೂತು ಎದ್ದೋಗ್ಬೇಕು. ನೀರ್ ಹಾಕೋಳು ಅಂದ್ರೆ ದಿನಾ ಬರ್ಬೋದು. ಕೂಸು ದಿನಾ ನನ್ ಕಾಲ್ಮೇಲಿರ್ತದೆ. ಇನ್ನೇನ್ ಬೇಕು ನಂಗೆ?"

ಇವಳು ಎಲ್ಲ ಯೋಚಿಸಿಯೇ ಹೂಂ ಅಂದಿದ್ದಾಳೆ. ದುಡ್ಡು ಮಾತ್ರ ಈ ಮನೆಯದು ಮುಟ್ಟುವುದಿಲ್ಲವಂತೆ. ನಾನು ಅವಳಿಗೆ ಮಾತು ಕೊಟ್ಟೆ. ನಾಮಕರಣದ ದಿನ, ಎಲ್ಲರೂ ಕೂಡಿರುವಾಗ, ಮಗುವನ್ನು ಅವ್ವನ ಮಡಿಲಲ್ಲಿಟ್ಟು, "ಇವರು ನನ್ನ ತಾಯಿ, ಮಗುವಿನ ಅಜ್ಜಿ" ಎಂದು ಹೇಳುತ್ತೇನೆ. ಶಿವು ಬೇಡ ಅಂದರೂ ಸರಿ, ಮೇಡಂ ಬಿಪಿ ಇನ್ನೂರು ದಾಟಿದರೂ ಸರಿ. "ನಂಗ್ಯಾಕೆ ಮಗಾ ಅದೆಲ್ಲ" ಅಂದಳು. ಆದರೆ ದನಿಯಲ್ಲಿ ಆಸೆ ಇತ್ತು. ನನಗೆ ಗೊತ್ತಾಗದೇ?

2 ಜನವರಿ 2025, ಗುರುವಾರ

ಹೆಣ್ಣು ಮಗು. ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ ಹುಟ್ಟಿದಳು. ನಿದ್ದೆಯಿಲ್ಲ, ಮೈಯೆಲ್ಲ ಹಾಲಿನ ವಾಸನೆ.

ಅವ್ವ ದಿನಾ ಬೆಳಿಗ್ಗೆ ಎಂಟಕ್ಕೆ ಬರುತ್ತಾಳೆ. ಹಿಂದಿನ ಬಾಗಿಲಿಂದ. ಅದೇ ಅವಳಿಗೆ ಅನುಕೂಲ, ಅಲ್ಲಿ ಕಾಲು ತೊಳೆಯಲು ನಲ್ಲಿಯಿದೆ. ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತು ಮಗುವನ್ನು ಕಾಲುಗಳ ಮೇಲೆ ಮಲಗಿಸಿಕೊಳ್ಳುತ್ತಾಳೆ. ಎಣ್ಣೆ ತಿಕ್ಕುವಾಗ ಆ ಒರಟು ಕೈ ಹೇಗೆ ಅಷ್ಟು ಮೆತ್ತಗಾಗುತ್ತದೋ. ಬಿಸಿನೀರು ಬೀಳುತ್ತಿದ್ದಂತೆ ಮಗು ಅಳು ನಿಲ್ಲಿಸಿ ಕಣ್ಣು ಬಿಡುತ್ತದೆ. ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆ ಸುತ್ತಿ, ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟರೆ ಮೂರು ಗಂಟೆ ಗಡದ್ದಾಗಿ ನಿದ್ದೆ.

ಬಚ್ಚಲು ಬಾಗಿಲು ಹಾಕಿದ ಮೇಲೆ ಅವ್ವ ಮಗುವಿನ ಕಿವಿಯಲ್ಲಿ ಹೇಳುತ್ತಾಳೆ: "ಅಜ್ಜಿ ಕಣೇ ನಾನು. ನಿಮ್ಮಜ್ಜಿ. ಅಜ್ಜೀ ಅನ್ನು." ನೀರಿನ ಸದ್ದಿನಲ್ಲಿ ಹೊರಗೆ ಕೇಳಿಸುವುದಿಲ್ಲ. ಇನ್ನು ಹದಿನೇಳು ದಿನ, ಅವ್ವ. ಆಮೇಲೆ ಬಾಗಿಲು ತೆಗೆದೇ ಹೇಳುವೆಯಂತೆ.

10 ಜನವರಿ, ಶುಕ್ರವಾರ

ಅತ್ತೆ ಕೆಟ್ಟವರಲ್ಲ. ಮೆಣಸು ಬೆಳ್ಳುಳ್ಳಿ ಸಾರು ತಾವೇ ಕುದಿಸಿ ತಂದು, ತುಪ್ಪ ಹಾಕಿ ಕಲಸಿ ಕೊಟ್ಟರು. ಮಗು ಅತ್ತರೆ ಮೊದಲು ಏಳುವುದು ಅವರೇ. ನನ್ನ ಕಾಲು ಊದಿದ್ದು ನೋಡಿ ಬಿಸಿನೀರಲ್ಲಿ ಉಪ್ಪು ಹಾಕಿ ಇಟ್ಟರು. ಮಗುವನ್ನು ಮುಟ್ಟುವ ಮುಂಚೆ ಸ್ಯಾನಿಟೈಸರ್ ಹಚ್ಚಿಕೊಳ್ಳಲಿ ಎಂದು ಅವರು ಹೇಳುವುದರಲ್ಲೂ ತಪ್ಪಿಲ್ಲ, ಎರಡು ಬಸ್ಸು ಹತ್ತಿ ಬಂದ ಕೈ ಅಲ್ಲವೇ. ಅಮ್ಮನಿಗೆ ನಾನೇ ಹೇಳಿದೆ. "ಬಿಸಿನೀರಲ್ಲಿ ತೊಳ್ದಿದೀನಲ್ಲ ಮಗಾ" ಅಂದಳು, ಆಮೇಲೆ ಸುಮ್ಮನೆ ಹಚ್ಚಿಕೊಂಡಳು.

19 ಜನವರಿ, ಭಾನುವಾರ

ನಾಮಕರಣ ಆಯಿತು. ಹೆಸರು ಇಂಚರ. ನೂರಿಪ್ಪತ್ತು ಜನ. ಸುಸ್ತು.

ಹೇಳಲಿಲ್ಲ.

22 ಜನವರಿ, ಬುಧವಾರ

ಹೇಳಬೇಕು ಎಂದೇ ಇದ್ದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ತೊಟ್ಟಿಲಿಗೆ ಹಾಕುವ ಹೊತ್ತಿಗೆ ಮಗು ಕಿರುಚಿ ಕಿರುಚಿ ನೀಲಿಗಟ್ಟಿತು. ಅತ್ತೆ ಎತ್ತಿಕೊಂಡರು, ನಾನು ಎತ್ತಿಕೊಂಡೆ, ಶಿವು ಎತ್ತಿಕೊಂಡ. ನಿಲ್ಲಲಿಲ್ಲ. ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಯಾರನ್ನೂ ಕೇಳದೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಟಪ್ ಅಂತ ನಿಂತಿತು ಅಳು. ಸೇರಿದವರೆಲ್ಲ ಅವಳನ್ನೇ ನೋಡುತ್ತಿದ್ದರು.

ಶಿವು ಆಫೀಸಿನ ದೊಡ್ಡವರ ಹೆಂಡತಿ ನನ್ನ ಪಕ್ಕದಲ್ಲೇ ಇದ್ದರು. "ಮಗು ಎಷ್ಟು ಒಗ್ಗಿದೆ ನೋಡಿ ಇವರಿಗೆ! ಯಾರಿವ್ರು?" ಎಂದು ಕೇಳಿದರು. ಕೇಳಿದ್ದು ನನ್ನನ್ನು. ಅತ್ತೆ ದೂರದಲ್ಲಿದ್ದರು, ಅಡ್ಡ ಬರುವವರು ಯಾರೂ ಇರಲಿಲ್ಲ. ಅಮ್ಮ ನನ್ನ ಕಡೆ ತಿರುಗಿದಳು. ಮಗುವಿನ ತಲೆಯ ಮೇಲೆ ಅವಳ ಗಲ್ಲ ಇತ್ತು. ಅವಳು ಕಾಯುತ್ತಿದ್ದಳು, ಅದು ನನಗೆ ಕಂಡಿತು.

"ನೀರು ಹಾಕೋರು. ತುಂಬಾ ಎಕ್ಸ್‌ಪೀರಿಯೆನ್ಸ್ ಇದೆ ಅವ್ರಿಗೆ" ಅಂದೆ.

ಅಮ್ಮ ಮಗುವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆ ಗಳಿಗೆಯಲ್ಲಿ ಹೇಳಿದ್ದರೆ ಏನಾಗುತ್ತಿತ್ತು? ಮೂರು ತಿಂಗಳ ಸುಳ್ಳು ಎಲ್ಲರ ಮುಂದೆ ಬಿಚ್ಚಿ, ವಾರಿಜಾ ಆಂಟಿ ಮುಂದೆ ಅತ್ತೆ ತಲೆ ತಗ್ಗಿಸಿ, ಮಗಳ ನಾಮಕರಣ ಹಾಳಾಗುತ್ತಿತ್ತು. ಅಮ್ಮನಿಗೂ ಅವಮಾನವೇ. ಅವಳೇ ತಾನೇ ಮೊದಲು ಹೂಂ ಅಂದದ್ದು? ರಾತ್ರಿ ಮಲಗುವಾಗ ಇವರೂ ಅದನ್ನೇ ಹೇಳಿದರು, ನೀನು ಮಾಡಿದ್ದು ಸರಿ ಅಂತ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆಯೇ ಇದೆಯಲ್ಲ.

ಮಾರನೆಯ ದಿನವೂ ಅಮ್ಮ ಎಂಟಕ್ಕೇ ಬಂದಳು. ಬೇಜಾರಿದ್ದಿದ್ದರೆ ಬರುತ್ತಿರಲಿಲ್ಲ.

11 ಫೆಬ್ರವರಿ, ಮಂಗಳವಾರ

ಇವತ್ತು ಅಮ್ಮ ಬಂದದ್ದು ಒಂಬತ್ತಕ್ಕೆ. ನೀರು ಹಾಕಿದ ಮೇಲೇ ಹಾಲು ಎಂದು ಕಾದು, ಮಗು ಹಸಿದು ಅತ್ತು ರಂಪ. "ರೋಡೆಲ್ಲ ಜಾಮ್ ಆಗೋಗಿತ್ತು, ಅರೆಕೆರೆ ತಾವ ಬಸ್ ನಿಂತೇಬುಡ್ತು" ಅಂದರು. ಮುಂಚೆ ಹೊರಡಬೇಕು ಅಷ್ಟೇ. ಹೇಳಿದ ಟೈಮಿಗೆ ಬರುವುದು ಅಂತ ಒಂದಿರುತ್ತದಲ್ಲ.

ಮಗುವಿನ ಕೈಗೆ ಬಜೆ ಬೇರಿನ ಬಳೆ ಮಾಡಿ ತಂದಿದ್ದರು, ದೃಷ್ಟಿಯಾಗದಿರಲಿ ಎಂದು. ಅದರಲ್ಲಿ ಎಷ್ಟು ಕೊಳೆ ಕೂರುತ್ತದೋ. "ನಮ್ಮನೇಲಿ ಹಾಗೆಲ್ಲ ಹಾಕಲ್ಲಮ್ಮ" ಎಂದು ಮೆತ್ತಗೇ ಹೇಳಿ ತೆಗೆದಿಟ್ಟೆ.

ಬಚ್ಚಲಲ್ಲಿ ಎಂದಿನ ಹಾಗೆ ಅಜ್ಜಿ, ಅಜ್ಜಿ ಎಂದು ಆಡಿಸುತ್ತಿದ್ದರು. ವಾರಿಜಾ ಆಂಟಿ ಹಾಲಿನಲ್ಲಿ ಕೂತಿದ್ದರು. "ಸ್ವಲ್ಪ ಮೆಲ್ಲಗೆ" ಅಂದೆ. ಅಮ್ಮ ಆಮೇಲೆ ಮಾತಾಡಲಿಲ್ಲ. ಮಗು ಅವರ ಬಾಯನ್ನೇ ನೋಡುತ್ತಿತ್ತು.

18 ಮಾರ್ಚ್, ಮಂಗಳವಾರ

ಯುಗಾದಿಗೆ ದಾವಣಗೆರೆಯಿಂದ ಇವರ ನೆಂಟರು ಬರುತ್ತಾರಂತೆ, ಬೇಸಿಗೆ ಕಳೆಯುವ ತನಕ ಇರುತ್ತಾರೆ. ನಾಮಕರಣಕ್ಕೆ ಬರಲಾಗದಿದ್ದರೂ ಅವರು ಮದುವೆಗೆ ಬಂದಿದ್ದವರು, ಅಮ್ಮನ ಮುಖ ಬಲ್ಲವರು. ಹಿತ್ತಲಲ್ಲಿ ಅಮ್ಮ ಬಕೆಟ್ಟು ಹಿಡಿದು ನಿಂತಿರುವುದನ್ನು ಕಂಡರೆ ಏನೆಂದುಕೊಂಡಾರು? ಅತ್ತೆಯವರು ಬಹಳ ಹೊತ್ತು ಯೋಚಿಸಿ, ಮೂರು ತಿಂಗಳು ತುಂಬುತ್ತಲ್ಲ, ಅಲ್ಲಿಗೆ ನಿಲ್ಲಿಸಿ ಬೇರೆ ಯಾರನ್ನಾದರೂ ಇಟ್ಟುಕೊಳ್ಳೋಣ ಎಂದರು. ನನಗೂ ಅದೇ ಸರಿ ಅನಿಸಿತು. ಅಮ್ಮನಿಗೂ ಮಂಡಿ ನೋವು, ದಿನಾ ಬಸ್ಸಿನ ಅಲೆದಾಟ ತಪ್ಪುತ್ತದೆ. ಹೇಳಿದೆ. "ಆಗ್ಲವ್ವ. ಯಾರನ್ನಾದ್ರೂ ಗೊತ್ತಿರೋರ್ನ ಕಳುಸ್ತೀನಿ" ಅಂದರು.

24 ಮಾರ್ಚ್, ಸೋಮವಾರ

ಅಮ್ಮ ನೀರು ಹಾಕುವುದು ಇವತ್ತಿಗೆ ಮುಗಿಯಿತು.

ಅತ್ತೆಯವರು ಬೀರುವಿನ ಕೀಲಿಯನ್ನು ಮೊದಲ ಸಲ ನನ್ನ ಕೈಗೆ ಕೊಟ್ಟರು. "ನಿಮ್ಮ ತಾಯಿಗೆ ಏನು ಕೊಡ್ಬೇಕೋ ನೀನೇ ನೋಡಿ ತೆಗಿಯಮ್ಮ. ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ." ಎಷ್ಟು ಸಂತೋಷವಾಯಿತೆಂದರೆ ಕೀಲಿಯನ್ನು ಆಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಈ ಮನೆಯವಳಾದೆ ಎಂದು ಇವತ್ತು ಅನಿಸಿತು.

ಮೇಲಿನ ಶೆಲ್ಫಿನ ರೇಷ್ಮೆ ಸೀರೆಗಳನ್ನು ಒಂದೊಂದಾಗಿ ನೋಡಿದೆ. ಅಮ್ಮನಿಗೆ ಅದನ್ನುಟ್ಟು ಹೋಗುವ ಜಾಗವಾದರೂ ಎಲ್ಲಿದೆ? ಅಲ್ಲದೆ ವಾರಿಜಾ ಆಂಟಿ ಹಾಲಿನಲ್ಲೇ ಇದ್ದರು, ನೀರು ಹಾಕುವವರಿಗೆ ರೇಷ್ಮೆ ಕೊಟ್ಟರೆ ಹತ್ತು ಪ್ರಶ್ನೆ. ದಿನ ಬಳಕೆಗೆ ಆಗುವಂಥದ್ದೇ ಒಳ್ಳೆಯದು. ಕೆಳಗಿನಿಂದ ಹಸಿರು ತೆಗೆದೆ. ಅಮ್ಮನ ಹತ್ತಿರ ನೀಲಿ ಇದೆ, ಇದು ಬೇರೆ ಬಣ್ಣ. ತೆಂಗಿನಕಾಯಿ, ಎಲೆ ಅಡಿಕೆ, ಒಂದು ಸೇರು ಅಕ್ಕಿ ಇಟ್ಟು, ಕುಂಕುಮ ಹಚ್ಚಿ ಕೊಟ್ಟೆ.

ಅಮ್ಮ ಸೀರೆಯನ್ನು ಕಣ್ಣಿಗೊತ್ತಿಕೊಳ್ಳಲು ಎತ್ತಿದವರು ಹಾಗೇ ನಿಂತರು. ಮಡಿಕೆ ಬಿಚ್ಚಿ ಅಂಚನ್ನು ಬೆರಳಲ್ಲಿ ಸವರುತ್ತ ತುದಿಯವರೆಗೂ ನೋಡಿದರು. ಒಮ್ಮೆ ಅನ್ನಪೂರ್ಣಳ ಕಡೆ ನೋಡಿದರು, ಅವಳು ಇವತ್ತು ಮರೂನ್ ಉಟ್ಟಿದ್ದಳು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಡಿಸೈನ್ ಹಿಡಿಸಿತು ಅನಿಸುತ್ತದೆ.

ಮಗುವಿನ ಪಾದ ಮುಟ್ಟಿ, ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡರು. "ಬರ್ತೀನಮ್ಮಾ. ತಾಯಿ ಮಗು ತಣ್ಣಗಿರಿ. ಇನ್ನೊಂದಾದಾಗ ಹೇಳಿ ಕಳ್ಸಿ" ಎಂದರು.

ವಾರಿಜಾ ಆಂಟಿ ನಕ್ಕರು. "ನಮ್ಮನೇಲೂ ಹಿಂಗೇ ಹೇಳಿದ್ಲು ನೋಡು ಬಸಮ್ಮ, ಒಂದಕ್ಷರ ಬದಲಾಗಿಲ್ಲ!" ಎಲ್ಲರೂ ನಕ್ಕೆವು.

ಮಗುವನ್ನೆತ್ತಿಕೊಂಡು ಹಿಂದಿನ ಬಾಗಿಲಲ್ಲಿ ನಿಂತು ಗೇಟಿನವರೆಗೆ ನೋಡಿದೆ. ಮಗುವಿನ ಕೈ ಹಿಡಿದು ಟಾಟಾ ಮಾಡಿಸಿದೆ. ಅಮ್ಮ ತಿರುಗಿ ನೋಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತೇನೋ.

27 ಮಾರ್ಚ್, ಗುರುವಾರ

ಬೆಳಿಗ್ಗೆ ಎಂಟಕ್ಕೆ ಮುಂದಿನ ಬಾಗಿಲಿನ ಬೆಲ್ಲು ಹೊಡೆಯಿತು. ಐವತ್ತರ ಹೆಂಗಸು. "ದುಂಡವ್ವ ಅಂತ ಕಣಮ್ಮಾ. ಬಸಮ್ಮ ಕಳುಸವ್ಳೆ. ಒಳ್ಳೇ ಮನೆ, ಹೋಗು ಅಂದ್ಳು."

ನೀಲಿ ಸೀರೆ ಉಟ್ಟಿದ್ದಳು. ಮಾವಿನಕಾಯಿ ಅಂಚು. ಸೆರಗಿನಲ್ಲಿ ಹಳದಿ ಕುಚ್ಚು, ನಡುನಡುವೆ ಬಿಳಿ ಮಣಿ.

ಬಚ್ಚಲಿಗೆ ಕರೆದುಕೊಂಡು ಹೋದೆ. ಮಣೆ ಹಾಕಿಕೊಂಡು, ಕಾಲು ಚಾಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗುವಿಗೆ ನೀರು ಹೊಯ್ಯುತ್ತಿದ್ದಂತೆ ಕುಚ್ಚೆಲ್ಲ ನೆನೆದು ನೆಲಕ್ಕೆ ಅಂಟಿತು. ಈ ಸೀರೆ ಎಲ್ಲಿಯದು ಎಂದು ಕೇಳಿದೆ.

"ಬಸಮ್ಮ ಕೊಟ್ಳಮ್ಮಾ. ಎಲ್ಡಿದ್ವು, ಒಂದೇ ಅಂಚಿನವು, ಎಲ್ಡೂ ಕೊಟ್ಬುಟ್ಳು. ಹೊಸಾ ಸೀರೆ ಯಾಕೆ ಕೊಡ್ತೀಯೇ ಅಂದ್ರೆ, 'ಕೆಲ್ಸದೋರ ಸೀರೆ ಕಣೆ ದುಂಡಿ, ನಂಗೆ ಇಷ್ಟ್ ದಿನ ಗೊತ್ತಿರ್ಲಿಲ್ಲ. ಉಟ್ಕೊಂಡೇ ನೀರ್ ಹಾಕು' ಅಂದ್ಳು." ಮಗುವನ್ನು ಬೋರಲು ಹಾಕಿಕೊಂಡು ಬೆನ್ನಿಗೆ ನೀರು ಹೊಯ್ದಳು. "ಪಾಪ, ಅವ್ಳಿಗೂ ಒಬ್ಳು ಮಗ್ಳು ಅವ್ಳಂತೆ, ಇಲ್ಲೇ ಎಲ್ಲೋ ಜಯನಗರದಾಗೆ. ದೊಡ್ಡ ಮನೆ ಸೇರವ್ಳಂತೆ. ಮೂರ್ ತಿಂಗ್ಳು ಬಾಣಂತನ ಮಾಡ್ದೆ, ಮುಗೀತು ಅಂದ್ಳು. ಎಲ್ಡ್ ದಿನ ಆಯ್ತು, ಸರಿಯಾಗಿ ಉಂಡಿಲ್ಲ."

ನಾನು ಟವೆಲ್ ಹಿಡಿದು ನಿಂತಿದ್ದೆ. ಆ ಮಗಳು ನಾನೇ ಎಂದು ಹೇಳಬಹುದಿತ್ತು. ಬಚ್ಚಲಲ್ಲಿ ಇದ್ದವರು ನಾವಿಬ್ಬರೇ, ಹೇಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. "ನೀರು ಜಾಸ್ತಿ ಬಿಸಿ ಇದ್ಯಾ?" ಎಂದು ಕೇಳಿದೆ.

"ಅಂಜನಾ, ಹೊಸಬ್ರಿಗೆ ಹಿಂದಿನ ಬಾಗ್ಲು ತೋರ್ಸಿಬಿಡಮ್ಮಾ" ಎಂದರು ಹಾಲಿನಿಂದ ಅತ್ತೆಯವರು. ತೋರಿಸಿದೆ.

ಹುಳಿಮಾವಿಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮಗು ಮಲಗಿದ ಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಣೆ ಇನ್ನೂ ಒದ್ದೆಯಿತ್ತು. ಕಲ್ಲಿನ ಮೇಲೆ ಒಂದು ಬಿಳಿ ಮಣಿ ಬಿದ್ದಿತ್ತು. ಅದನ್ನು ಹಿಡಿದುಕೊಂಡು ಮಣೆಯ ಮೇಲೆ ಕೂತು, ನಲ್ಲಿ ತಿರುಗಿಸಿ, "ಅವ್ವಾ" ಅಂದೆ. ಮೆಲ್ಲಗೆ ಅಂದೆ. ಹೊರಗೆ ಕೇಳಿಸಬಾರದಲ್ಲ.